ತೇಪೆ ಮೇಷ್ಟ್ರು ಆರಿಸಿದ ಸಾಫ್ಟ್‌ವೇರ್

ನನ್ನ ಚಿಕ್ಕಪ್ಪನ ಬಾಯಲ್ಲಿ "ನನಗೆ ಗೊತ್ತಿಲ್ಲ" ಎಂಬ ಮಾತು ಬಂದದ್ದನ್ನು ನಾನು ಒಮ್ಮೆಯೂ ಕೇಳಿಲ್ಲ. ಅವನಿಗೆ ಬೇರೆ ಯಾವ ಕೆಟ್ಟ ಚಾಳಿಯೂ ಇರಲಿಲ್ಲ. ಕುಡಿತವಿಲ್ಲ, ಜೂಜಿಲ್ಲ, ಮನೆಯವರ ಮೇಲೆ ಕೈ ಎತ್ತಿದವನಲ್ಲ, ಇನ್ನೊಬ್ಬರ ಮನೆ ಜಗಳಕ್ಕೆ ಮೂಗು ತೂರಿಸಿದವನಲ್ಲ. ಇದೊಂದೇ ಕೊರತೆ. ನಾವೆಲ್ಲ ಅದನ್ನು ತಮಾಷೆ ಎಂದುಕೊಂಡು ನಗುತ್ತಾ ಬಂದೆವು. ಈಗ ನೆನೆಸಿಕೊಂಡರೆ ಹೊಟ್ಟೆ ಉರಿಯುತ್ತದೆ.

ಅವರ ಅಡುಗೆಮನೆಯಲ್ಲಿ ಅವನೇ ಹೊಡೆದ ಒಂದು ಹಲಗೆಯಿತ್ತು. ಅದು ಒಂದು ಕಡೆಗೆ ವಾಲಿಕೊಂಡಿದ್ದರಿಂದ ಇಟ್ಟ ಡಬ್ಬಿಗಳೆಲ್ಲ ಮೆಲ್ಲಗೆ ಸರಿದು ಮೂಲೆಯಲ್ಲಿ ಗುಂಪು ಸೇರುತ್ತಿದ್ದವು. ಕೇಳಿದರೆ, "ಹಲಗೆ ನೆಟ್ಟಗೇ ಇದೆ, ಗೋಡೆ ಸೊಟ್ಟ" ಎನ್ನುತ್ತಿದ್ದ. "ಹೌದೌದು, ಗೋಡೆ ಸೊಟ್ಟ, ನೆಲ ಸೊಟ್ಟ, ನಾನೂ ಸೊಟ್ಟ, ನೀವೊಬ್ರೇ ನೆಟ್ಟಗಿರೋದು" ಎಂದು ಚಿಕ್ಕಮ್ಮ ಡಬ್ಬಿಗಳ ಕೆಳಗೆ ಮಡಿಸಿದ ರಟ್ಟು ತುರುಕಿ ಸಂಸಾರ ಮಾಡಿದಳು. ಒಮ್ಮೆ ನಮ್ಮನ್ನೆಲ್ಲ ನೆಂಟರ ಮನೆಗೆಂದು ಹೊರಡಿಸಿ ತಪ್ಪು ಬಸ್ಸು ಹತ್ತಿಸಿದ. ಊರಾಚೆ, ಇಟ್ಟಿಗೆ ಗೂಡುಗಳ ಪಕ್ಕ ಬಸ್ಸು ನಿಂತೇಬಿಟ್ಟಿತು. ಚಿಕ್ಕಪ್ಪ ಕೆಳಗಿಳಿದು ಸುತ್ತ ನೋಡಿ, "ಬೇಕಂತಲೇ ಈ ಕಡೆ ಕರ್ಕೊಂಡು ಬಂದೆ, ಗಾಳಿ ಎಷ್ಟು ಚೆನ್ನಾಗಿದೆ ನೋಡಿ" ಎಂದ. ನಾವು ಮಕ್ಕಳು ಬಿದ್ದು ಬಿದ್ದು ನಕ್ಕೆವು. ಅವನ ಮಗಳು, ನನ್ನ ತಂಗಿ, ಆಗ ತೀರ ಚಿಕ್ಕವಳು; ಅಪ್ಪನನ್ನು ನಂಬಿ ನಿಜವಾಗಿಯೂ ಬಾಯಿ ತೆರೆದು ಗಾಳಿ ಕುಡಿಯುತ್ತಾ ನಿಂತಿದ್ದಳು.

ಹೊರಗೆ ಅವನನ್ನು ಎಲ್ಲರೂ ತೇಪೆ ಮೇಷ್ಟ್ರು ಎಂದು ಕರೆಯುತ್ತಿದ್ದರು. ಪಾಠ ಹೇಳುವ ಮೇಷ್ಟ್ರಲ್ಲ. ಒಂದು ಮುದ್ರಣಾಲಯದಲ್ಲಿ ಪುಟ ಕಟ್ಟುವ ಕೆಲಸ ಅವನದು. ಈಗಿನವರು ಆ ಕೆಲಸವನ್ನು ನೋಡಿರುವುದಿಲ್ಲ. ಆಗೆಲ್ಲ ಅಕ್ಷರಗಳು ನುಣುಪು ಕಾಗದದ ಮೇಲೆ ಮೂಡಿ ಬರುತ್ತಿದ್ದವು. ಅದನ್ನು ಬ್ಲೇಡಿನಲ್ಲಿ ಕತ್ತರಿಸಿ ಹಾಳೆಯ ಮೇಲೆ ಅಂಟಿಸಿ ಪುಟ ಮಾಡಬೇಕು, ಆ ಪುಟವನ್ನು ದೊಡ್ಡ ಕ್ಯಾಮೆರಾದಲ್ಲಿ ಫೋಟೋ ತೆಗೆಯಬೇಕು, ಆ ಫೋಟೋದಿಂದ ಅಚ್ಚು. ಯಾವುದೋ ಸಾಲು ತಪ್ಪಾಗಿದ್ದರೆ ಇಡೀ ಪುಟವನ್ನು ಕೀಳುತ್ತಿರಲಿಲ್ಲ, ತಪ್ಪಿನ ಮೇಲೆ ಸರಿಯಾದ ಸಾಲಿನ ಚೂರನ್ನು ಅಂಟಿಸುತ್ತಿದ್ದರು. ಅದೇ ತೇಪೆ. ಬೇರೆಯವರು ಹಾಕಿದ ತೇಪೆಯ ಅಂಚು ಫೋಟೋದಲ್ಲಿ ಕಪ್ಪು ಕೂದಲಿನಂತೆ ಕಾಣಿಸಿಕೊಳ್ಳುತ್ತಿತ್ತು. ಚಿಕ್ಕಪ್ಪ ಚೂರನ್ನು ಮಗುಚಿ, ಅಂಚನ್ನು ಹಿಂದಿನಿಂದ ಹೆರೆದು ಹೆರೆದು ತೆಳ್ಳಗೆ ಮಾಡಿ ಕೂರಿಸುತ್ತಿದ್ದ. ಅವನ ತೇಪೆ ಯಾವ ಕಣ್ಣಿಗೂ ಸಿಗುತ್ತಿರಲಿಲ್ಲ. ಹೊಸಬರು ಯಾರಾದರೂ ಬಂದರೆ ಪುಟವನ್ನು ಅವರ ಮುಂದೆ ಹಿಡಿದು, "ಎಲ್ಲಿದೆ ತೋರಿಸಿ ನೋಡೋಣ" ಎನ್ನುವುದು ಅವನಿಗೊಂದು ಆಟ. ಅವರು ಸೋತು ಕೈಚೆಲ್ಲಿದ ದಿನ ಮನೆಗೆ ಬರುವಾಗ ಹಾಡು ಗುನುಗುತ್ತಿದ್ದ.

ಇನ್ನೊಂದು ಅಭ್ಯಾಸವಿತ್ತು. ಅವನು ಪುಟವನ್ನು ತಲೆಕೆಳಗು ಮಾಡಿಕೊಂಡೇ ಕೆಲಸ ಮಾಡುತ್ತಿದ್ದ. "ನೆಟ್ಟಗಿಟ್ರೆ ಕಣ್ಣು ಓದೋಕೆ ಹೋಗುತ್ತೆ. ಓದೋ ಕಣ್ಣಿಗೆ ಸಾಲು ಸೊಟ್ಟ ಇರೋದು ಕಾಣಲ್ಲ" ಎನ್ನುತ್ತಿದ್ದ. ಹೀಗೆ ಜೀವನವಿಡೀ ಪುಸ್ತಕಗಳ ನಡುವೆ ಇದ್ದ ಮನುಷ್ಯ ಒಂದನ್ನೂ ಓದಲಿಲ್ಲ. ಕಥೆ, ಕಾನೂನು, ಔಷಧಿ, ಎಲ್ಲವೂ ಅವನಿಗೆ ಬರೀ ಕಪ್ಪು ಸಾಲುಗಳು.

ಕ್ಯಾಮೆರಾ ಹೋಯಿತು, ನುಣುಪು ಕಾಗದ ಹೋಯಿತು, ಕಂಪ್ಯೂಟರ್ ಬಂತು. ನಾನು ಟೈಪಿಂಗ್ ಕಲಿತು ಅದೇ ಮುದ್ರಣಾಲಯ ಸೇರಿಕೊಂಡೆ. ಚಿಕ್ಕಪ್ಪ ಹಾಳೆ ಕತ್ತರಿಸುವುದು, ರಟ್ಟು ಹಾಕುವುದು ಎಂದು ಹೇಗೋ ಉಳಿದುಕೊಂಡಿದ್ದ. ಗಾಜಿನ ಮೇಲ್ಮೈಯ ಅವನ ಹಳೆಯ ಮೇಜು ಕಿಟಕಿಯ ಪಕ್ಕ ಹಾಗೇ ಇತ್ತು. ಆ ಜಾಗದ ಮೇಲೆ ಯಜಮಾನರ ಕಣ್ಣು ಬಿದ್ದು ಬಹಳ ಕಾಲವಾಗಿತ್ತು. ಒಂದು ದಿನ ಬಂದು ಮೇಜಿನ ಮೇಲೆ ಕೈಯಿಟ್ಟು ಹೇಳಿದರು:

"ಮೇಷ್ಟ್ರೇ, ಇಲ್ಲೊಂದು ಜೆರಾಕ್ಸ್ ಮೆಷಿನ್ ಬರುತ್ತೆ. ನಿಮ್ಮನ್ನ ಹೋಗಿ ಅಂತ ಹೇಳ್ತಿಲ್ಲ. ಈಗ ಎಲ್ಲಾ ಗಿರಾಕಿಗಳೂ ಪಿಡಿಎಫ್ ತರ್ತಾರೆ. 'ಇದೊಂದು ಸಾಲು ತೆಗೀರಿ, ಅದೊಂದು ಹೆಸರು ಬದಲಾಯಿಸಿ' ಅಂತಾರೆ, ಮೂಲ ಫೈಲು ಕೇಳಿದ್ರೆ ಕಳೆದುಹೋಯ್ತು ಅಂತಾರೆ. ಅದೂ ತೇಪೆ ಕೆಲಸಾನೇ ಅಲ್ವಾ? ಅದಕ್ಕೆ ಬೇಕಾದ ಸಾಫ್ಟ್‌ವೇರ್ ಯಾವುದು ಅಂತ ನೀವೇ ನೋಡಿ ಹೇಳಿ. ಕಲಿತುಕೊಂಡ್ರೆ ನಿಮಗೇ ಒಂದು ಕಂಪ್ಯೂಟರ್."

ಯಜಮಾನರು ಒಳ್ಳೆಯವರೂ ಅಲ್ಲ, ಕೆಟ್ಟವರೂ ಅಲ್ಲ. ಆರಿಸಿದ್ದು ಕೆಟ್ಟರೆ ಬೈಯಲು ಒಬ್ಬ ಮನುಷ್ಯ ಬೇಕಿತ್ತು ಎಂದು ನನಗೆ ಆಗಲೇ ಅನ್ನಿಸಿತ್ತು. ಚಿಕ್ಕಪ್ಪನಿಗೆ ಮಾತ್ರ ತಲೆಯ ಮೇಲೆ ಕಿರೀಟ ಇಟ್ಟಂತಾಯಿತು. ಮನೆಗೆ ಹೋಗಿ, "ಇಡೀ ಆಫೀಸಿಗೆ ನಾನು ಆರಿಸಿದ್ದೇ ಫೈನಲ್" ಎಂದನಂತೆ.

ಕಂಪ್ಯೂಟರ್ ರಿಪೇರಿಯವನು ಒಬ್ಬನಿದ್ದ. ದಪ್ಪ ಮೀಸೆ, ಸದಾ ಯಾರದೋ ಫೋನಿನಲ್ಲಿ ಮಾತು. ಅವನು ನಾಲ್ಕು ಸಾಫ್ಟ್‌ವೇರ್‌ಗಳನ್ನು ನೋಡಲೆಂದು ಹಾಕಿಕೊಟ್ಟ. ಅವುಗಳ ಇಂಗ್ಲಿಷ್ ಹೆಸರು ಚಿಕ್ಕಪ್ಪನ ನಾಲಿಗೆಗೆ ಹತ್ತಲಿಲ್ಲ, ತಾನೇ ಹೆಸರಿಟ್ಟ. ಒಂದು 'ಪುಕ್ಕಟೆ'. ಅದು ದುಡ್ಡು ಕೇಳುವುದಿಲ್ಲ, ಆದರೆ ಉಳಿಸಿದ ಪ್ರತಿ ಪುಟದ ಮೇಲೂ ತನ್ನ ಹೆಸರನ್ನು ಅಡ್ಡಡ್ಡ ಒತ್ತಿಬಿಡುತ್ತದೆ. "ಕೆಲಸ ನಾನು ಮಾಡೋದು, ಹೆಸರು ಇವನದಾ?" ಎಂದು ಚಿಕ್ಕಪ್ಪ ಅದನ್ನು ಅರ್ಧ ಗಂಟೆಯಲ್ಲಿ ಆಚೆ ಹಾಕಿದ. ಇನ್ನೊಂದು 'ಹೊರಗಡೆಯದು', ಫೈಲನ್ನು ಇಂಟರ್ನೆಟ್ಟಿಗೆ ಕಳಿಸಿ ಅಲ್ಲಿ ತಿದ್ದಿ ವಾಪಸು ತರಿಸಿಕೊಳ್ಳಬೇಕು. ಗಿರಾಕಿಯ ಕಾಗದವನ್ನು ಬೀದಿಗೆ ಕಳಿಸುವುದೇ ಎಂದು ಅದನ್ನೂ ಬಿಟ್ಟ. ಉಳಿದವು ಎರಡು, 'ಬಾಡಿಗೆ' ಮತ್ತು 'ಸ್ವಂತ'. ಬಾಡಿಗೆಯದಕ್ಕೆ ವರ್ಷ ವರ್ಷ ಹಣ ಕಟ್ಟಬೇಕು. ಸ್ವಂತದ್ದನ್ನು ಒಮ್ಮೆ ಕೊಂಡರೆ ಮುಗಿಯಿತು.

ಇವೆರಡನ್ನು ಅವನು ಪರೀಕ್ಷೆ ಮಾಡಿದ ರೀತಿಯನ್ನು ನೋಡಬೇಕಿತ್ತು. ಹೆಣ್ಣು ನೋಡಲು ಬಂದ ಗಂಡಿನ ಸೋದರತ್ತೆ ಕೂಡ ಅಷ್ಟು ಕೆದಕುವುದಿಲ್ಲ. ಮೊದಲು ಅಕ್ಷರವನ್ನೇ ತಿದ್ದಲು ನೋಡಿದ. ನಮ್ಮ ಅಕ್ಷರಗಳನ್ನು ಎರಡೂ ಸಾಫ್ಟ್‌ವೇರುಗಳು ಸಹಿಸಲಿಲ್ಲ. ಒಂದು ಸಾಲಿನೊಳಗೆ ಬಾಣ ಊರಿ ಒಂದು ಕೀಲಿ ಒತ್ತಿದರೆ ಸಾಕು, ಒತ್ತುಗಳು ಒಂದು ದಿಕ್ಕಿಗೆ, ಕೊಂಬುಗಳು ಒಂದು ದಿಕ್ಕಿಗೆ, ಜಾತ್ರೆಯಲ್ಲಿ ತಪ್ಪಿಸಿಕೊಂಡ ಮಕ್ಕಳಂತೆ ಚೆದುರಿ ಹೋಗುತ್ತಿದ್ದವು. "ಹಾಗಾದ್ರೆ ತಿದ್ದೋದು ಬೇಡ. ಮುಚ್ಚಿ ಮೇಲೆ ಕೂರಿಸೋದೇ ದಾರಿ" ಎಂದು ಚಿಕ್ಕಪ್ಪ ತೀರ್ಮಾನ ಕೊಟ್ಟ. ಅವನ ಮುಖದಲ್ಲಿ ಎಂಥ ಗೆಲುವು! ಇಷ್ಟೆಲ್ಲ ಸುತ್ತಿ ಲೋಕ ಕೊನೆಗೂ ಅವನ ತೇಪೆಗೇ ಬಂದು ನಿಂತಿತ್ತು.

ಆಮೇಲೆ ತೇಪೆಯ ಪರೀಕ್ಷೆ. ಸ್ವಂತದ್ದರಲ್ಲಿ ಪುಟದ ಬಣ್ಣವನ್ನೇ ಹೀರಿಕೊಂಡು ಅದೇ ಬಣ್ಣದ ಚೌಕ ಇಡಬಹುದಿತ್ತು. ಹಳೆಯ ಪುಸ್ತಕದ ಕಂದು ಪುಟದ ಮೇಲೂ ಗುರುತು ಸಿಗುವುದಿಲ್ಲ. ಬಾಣದ ಕೀಲಿ ಒತ್ತಿದರೆ ಚೌಕ ಕೂದಲೆಳೆಯಷ್ಟು ಸರಿಯುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಪುಟವನ್ನು ತಲೆಕೆಳಗು ಮಾಡಿಟ್ಟುಕೊಂಡು ಕೆಲಸ ಮಾಡಲು ಅದು ಬಿಡುತ್ತಿತ್ತು. ಬಾಡಿಗೆಯದು ತಲೆಕೆಳಗು ಮಾಡಿದರೆ ತಾನೇ ಜಾಣನಂತೆ ಮತ್ತೆ ನೆಟ್ಟಗೆ ನಿಲ್ಲಿಸುತ್ತಿತ್ತು.

"ಬಾಡಿಗೆಯದರಲ್ಲಿ ಇನ್ನೊಂದಿದೆ ಮೇಷ್ಟ್ರೇ," ಎಂದ ರಿಪೇರಿಯವನು, ಫೋನನ್ನು ಕಿವಿಯಿಂದ ಸ್ವಲ್ಪ ಸರಿಸಿ. "ಈ ಕೆಂಪು ಗುಂಡಿ ನೋಡಿ. ಇದರಲ್ಲಿ ಅಳಿಸಿದ್ರೆ ಕೆಳಗಿರೋ ಅಕ್ಷರಾನೂ ಹೋಗುತ್ತೆ. ಸ್ವಂತದ್ದು ಬರೀ ಮುಚ್ಚುತ್ತೆ ಅಷ್ಟೆ."

"ಮುಚ್ಚಿದ ಮೇಲೆ ಮುಗೀತಲ್ಲ. ಕೆಳಗಿರೋದನ್ನ ಕಟ್ಕೊಂಡು ನನಗೇನು?"

"ಅಲ್ಲ, ಕೆಳಗೆ ಇದ್ದೇ ಇರುತ್ತೆ ಅಂತ…"

"ಇರ್ಲಿ ಬಿಡಪ್ಪ. ಈ ಕೆಲಸ ನಾನು ನಿನ್ನೆ ಮೊನ್ನೆಯಿಂದ ಮಾಡ್ತಿಲ್ಲ."

ರಿಪೇರಿಯವನು ಭುಜ ಕುಣಿಸಿ ಮತ್ತೆ ಫೋನಿಗೆ ಹೋದ. ಆ ಮಾತು ನನಗೂ ಅರ್ಥವಾಗಲಿಲ್ಲ. ಚಿಕ್ಕಪ್ಪನ ಲೋಕದಲ್ಲಿ ತೇಪೆ ಹಾಕಿದ ಮೇಲೆ ಕ್ಯಾಮೆರಾ ಬರುತ್ತಿತ್ತು. ಕ್ಯಾಮೆರಾ ಮೇಲಿನದನ್ನು ಮಾತ್ರ ನೋಡುತ್ತದೆ. ಕೆಳಗಿನದು ಅಲ್ಲಿಗೆ ಸತ್ತ ಹಾಗೆ. ಈ ಪೆಟ್ಟಿಗೆಯೊಳಗೆ ಕ್ಯಾಮೆರಾ ಇಲ್ಲ ಎಂದು ಅವನಿಗೆ ಯಾರೂ ಬಿಡಿಸಿ ಹೇಳಲಿಲ್ಲ. ಹೇಳಲು ಬಂದವನನ್ನು ಅವನು ಕೂರಿಸಿಕೊಳ್ಳಲಿಲ್ಲ.

ಸ್ವಂತದ್ದನ್ನೇ ಕೊಂಡರು. ಗಾಜಿನ ಮೇಜು ಹೋಗಿ ಜೆರಾಕ್ಸ್ ಮೆಷಿನ್ ಬಂತು, ಚಿಕ್ಕಪ್ಪ ಕಂಪ್ಯೂಟರಿನ ಮುಂದೆ ಕೂತ. ಮೊದಮೊದಲು ಮೌಸನ್ನು ಸೋಪು ಹಿಡಿದ ಹಾಗೆ ಹಿಡಿಯುತ್ತಿದ್ದ, ಅದು ಜಾರುತ್ತಿತ್ತು. ಆಮೇಲೆ ಕೈ ಕುದುರಿತು. ಹಳೆಯ ಕಾಗದಗಳ ಮೇಲೆ ಅವನು ಹೊಸ ಸಾಲು ಕೂರಿಸಿ ಪ್ರಿಂಟ್ ತೆಗೆದರೆ ತಿದ್ದಿದ್ದು ಎಲ್ಲಿ ಎಂದು ನಾನೂ ಹುಡುಕಲಾರದೆ ಹೋಗುತ್ತಿದ್ದೆ. ಬರುವ ಕೆಲಸವೆಲ್ಲ ಕೊನೆಗೆ ಕಾಗದಕ್ಕೇ ಇಳಿಯುತ್ತಿತ್ತು. ಕಾಗದಕ್ಕೆ ಇಳಿದ ಮೇಲೆ ಕೆಳಗೇನಿದ್ದರೆ ಏನು? ಹಾಗಾಗಿ ಏನೂ ಆಗಲಿಲ್ಲ. ಆಗಿದ್ದರೆ ಚೆನ್ನಾಗಿತ್ತು, ಯಾವುದೋ ಬಿಲ್ಲಿನಲ್ಲೋ ಭಾಷಣದಲ್ಲೋ ಆಗಿ ನಕ್ಕು ಮುಗಿದುಹೋಗುತ್ತಿತ್ತು.

ಈಗ ತಂಗಿಯ ವಿಷಯಕ್ಕೆ ಬರುತ್ತೇನೆ. ಓದಿನಲ್ಲಿ ಅವಳು ಚುರುಕು. ಶಾಲೆ ಮುಗಿದ ಮೇಲೆ ತಾಂತ್ರಿಕ ಕಾಲೇಜು ಸೇರಬೇಕೆಂಬ ಆಸೆ. ಆ ಕಾಲೇಜಿನ ಬಾಗಿಲು ದಾಟಬೇಕಾದರೆ ನಮ್ಮಲ್ಲಿದ್ದ ಒಂದು ಟ್ಯುಟೋರಿಯಲ್‌ನಲ್ಲಿ ವರ್ಷ ಪೂರ್ತಿ ತಯಾರಿ ಮಾಡಬೇಕು. ಅದರ ಫೀಸು ನಮ್ಮಂಥವರ ಮಾತಲ್ಲ. ಪರೀಕ್ಷೆಯೊಂದನ್ನು ಬರೆದು ಮೊದಲ ಸಾಲಿನಲ್ಲಿ ಬಂದವರಿಗೆ ಮಾತ್ರ ಕೆಲವು ಸೀಟು ಪುಕ್ಕಟೆ. ಹಿಂದಿನ ವರ್ಷ ಪರೀಕ್ಷೆಯ ಹೊತ್ತಿಗೆ ಅವಳಿಗೆ ಕಾಮಾಲೆಯಾಗಿ ಹಾಸಿಗೆ ಹಿಡಿದಿದ್ದಳು. ಈ ವರ್ಷ ಬಿಟ್ಟರೆ ವಯಸ್ಸು ದಾಟುತ್ತದೆ, ಮತ್ತೆ ಕೂರುವಂತಿಲ್ಲ. ವರ್ಷವೆಲ್ಲ ಮನೆಯ ಕಿಟಕಿಯ ಹತ್ತಿರ ಕೂತು, ಯಾರಿಂದಲೋ ತಂದ ಪುಸ್ತಕಗಳನ್ನು ಮುಗಿಸಿದಳು. ಕರೆದರೆ ಊಟಕ್ಕೂ ಏಳುತ್ತಿರಲಿಲ್ಲ. ಚಿಕ್ಕಮ್ಮ ತಟ್ಟೆಯನ್ನು ಕಿಟಕಿಗೇ ಒಯ್ದು ಕೊಡುತ್ತಿದ್ದಳು.

ಆ ಪರೀಕ್ಷೆಯ ಪ್ರಶ್ನೆಪತ್ರಿಕೆ ನಮ್ಮ ಮುದ್ರಣಾಲಯದಲ್ಲೇ ತಯಾರಾಗುತ್ತಿತ್ತು. ಆ ಸಲ ಟ್ಯುಟೋರಿಯಲ್‌ನ ಪ್ರಿನ್ಸಿಪಾಲ್ ಮೇಡಂ ಒಂದು ಪಿಡಿಎಫ್ ತಂದರು. ಪ್ರತಿ ಪ್ರಶ್ನೆಯ ಕೆಳಗೂ ಸಣ್ಣ ಅಕ್ಷರದಲ್ಲಿ ಉತ್ತರವಿತ್ತು. ಅದನ್ನೆಲ್ಲ ತೆಗೆಯಬೇಕು, ಬೇರೇನನ್ನೂ ಮುಟ್ಟಬಾರದು. "ಗುಟ್ಟಾಗಿರ್ಬೇಕು" ಎಂದರು ಮೇಡಂ. ಯಜಮಾನರು ನಕ್ಕರು. "ನಮ್ಮ ಮೇಷ್ಟ್ರಿಗೆ ಕೊಟ್ರೆ ಗೋಡೆಗೆ ಕೊಟ್ಟ ಹಾಗೆ ಮೇಡಂ. ಅವರ ಮಗಳೂ ಈ ಪರೀಕ್ಷೆ ಬರೀತಾಳೆ, ಆದ್ರೂ ನಾನು ಅವರಿಗೇ ಕೊಡ್ತೀನಿ. ಅವರು ತಲೆಕೆಳಗಿಟ್ಟು ಕೆಲಸ ಮಾಡೋರು, ಒಂದಕ್ಷರ ಓದಲ್ಲ." ಅದು ನಿಜವೂ ಆಗಿತ್ತು. ಚಿಕ್ಕಪ್ಪ ಪುಟಗಳನ್ನು ಮಗುಚಿಟ್ಟು, ಒಂದೊಂದು ಉತ್ತರದ ಮೇಲೂ ಬಿಳಿ ಚೌಕ ಕೂರಿಸಿದ. ನಾನು ಪಕ್ಕದಲ್ಲೇ ಇದ್ದೆ. ಎದ್ದು ಬೆನ್ನು ನೆಟ್ಟಗೆ ಮಾಡಿಕೊಂಡು, "ಎಲ್ಲಿದೆ ತೋರಿಸು ನೋಡೋಣ" ಎಂದ. ನಾನು ಕಣ್ಣು ಕಿರಿದು ಮಾಡಿ ನೋಡಿ, ಸೋತೆ ಎಂದೆ. ಮನೆಯಲ್ಲಿ ಅವನು ಆ ಕೆಲಸದ ಸುದ್ದಿಯನ್ನೇ ಎತ್ತಲಿಲ್ಲ.

ಅಲ್ಲಿಯವರೆಗೆ ಅಚ್ಚು ಹಾಕಿಸುತ್ತಿದ್ದ ಟ್ಯುಟೋರಿಯಲ್‌ನವರು ಆ ವರ್ಷ ಹೊಸ ಕಂಪ್ಯೂಟರ್ ಕೋಣೆ ಮಾಡಿದ್ದರು. ಕಾಗದದ ಖರ್ಚು ಯಾಕೆ, ಪ್ರಶ್ನೆಗಳನ್ನು ಪರದೆಯ ಮೇಲೆ ಓದಿ ಉತ್ತರವನ್ನು ಹಾಳೆಯಲ್ಲಿ ಗುರುತು ಮಾಡಲಿ ಎಂದು ಪಿಡಿಎಫ್ ಅನ್ನೇ ತೆರೆದಿಟ್ಟರು. ಪರೀಕ್ಷೆಯ ನಡುವೆ ಯಾವನೋ ಒಬ್ಬ ಹುಡುಗ ಬೇಜಾರಿಗೆ ಮೌಸನ್ನು ಒತ್ತಿ ಹಿಡಿದು ಪುಟದ ಮೇಲೆಲ್ಲ ಎಳೆದ. ಖಾಲಿ ಜಾಗ ನೀಲಿಯಾಯಿತು. ನೀಲಿಯಾದದ್ದನ್ನು ನಕಲು ಮಾಡಿ ಪಕ್ಕದಲ್ಲೇ ಟೈಪ್ ಮಾಡುವ ಜಾಗಕ್ಕೆ ತಂದು ಹಾಕಿದ ಕೂಡಲೇ ಉತ್ತರ ಎದ್ದು ಬಂತು. ಸುದ್ದಿ ಹಿಂದಿನ ಬೆಂಚುಗಳಲ್ಲಿ ಪಿಸುಪಿಸು ಎನ್ನುತ್ತಾ ಹರಿಯಿತು. ತಂಗಿ ಕೂತಿದ್ದು ಎಲ್ಲರಿಗಿಂತ ಮುಂದೆ, ಮೇಲ್ವಿಚಾರಕರ ಮೂಗಿನ ಕೆಳಗೆ.

ಫಲಿತಾಂಶ ನೋಡಿದರೆ ಅರ್ಧಕ್ಕರ್ಧ ಜನರದು ಎಲ್ಲ ಸರಿ. ಟ್ಯುಟೋರಿಯಲ್‌ನವರೇನು ದಡ್ಡರೇ, ಕರೆದು ಗದರಿಸಿದರು, ಹುಡುಗರು ಒಪ್ಪಿಕೊಂಡರು. ಎಲ್ಲ ಸರಿ ಬರೆದವರನ್ನೆಲ್ಲ ತೆಗೆದುಹಾಕಿದರು. ಉಳಿದವರಲ್ಲಿ ಮೊದಲು ನಿಂತವಳು ನನ್ನ ತಂಗಿ. ಎಲ್ಲೋ ಎರಡು ತಪ್ಪಿದ್ದವು. ಆ ಎರಡು ತಪ್ಪುಗಳಿಗಾಗಿ ಮೊದಲು ಅತ್ತಿದ್ದ ಹುಡುಗಿ, ಆಮೇಲೆ ಅವೇ ತನ್ನನ್ನು ಕಾಪಾಡಿದವು ಎಂದು ಗೊತ್ತಾಗಿ ನಮ್ಮ ಮನೆಗೆ ಓಡಿ ಬಂದು ನನ್ನನ್ನು ಎತ್ತಿ ಒಂದು ಸುತ್ತು ತಿರುಗಿಸಿದಳು. "ಅಕ್ಕಾ, ಸೀಟು ಸಿಕ್ತು. ಫೋನ್ ಮಾಡಿದ್ರು. ಕಾಗದಪತ್ರ ತಗೊಂಡು ಬಾ ಅಂದ್ರು."

ಮರುದಿನ ಬೆಳಿಗ್ಗೆ ಅವಳು ಅಂಕಪಟ್ಟಿಯನ್ನೆಲ್ಲ ಹಿಡಿದುಕೊಂಡು ಜೆರಾಕ್ಸ್ ಮಾಡಿಸಲು ಮುದ್ರಣಾಲಯಕ್ಕೇ ಬಂದಳು. ಅಪ್ಪ ಕೆಲಸ ಮಾಡುವಲ್ಲಿ ಮಾಡಿಸಬೇಕು ಎಂಬ ಖುಷಿ. ಅವಳು ಮೆಷಿನ್ನಿನ ಹತ್ತಿರ ನಿಂತಿದ್ದಾಗಲೇ ಪ್ರಿನ್ಸಿಪಾಲ್ ಮೇಡಂ ಒಳಗೆ ಬಂದರು. ಫೈಲು ಹೀಗೆ ಆದದ್ದು ಹೇಗೆಂದು ಕೇಳಲು ಬಂದಿದ್ದರು. ಯಜಮಾನರು ರಿಪೇರಿಯವನನ್ನೂ ಕರೆಸಿದರು. ಎಲ್ಲರೂ ಚಿಕ್ಕಪ್ಪನ ಕಂಪ್ಯೂಟರಿನ ಸುತ್ತ ಸೇರಿದೆವು.

ರಿಪೇರಿಯವನು ಮೌಸ್ ಎಳೆದು ತೋರಿಸಿದ. ಚಿಕ್ಕಪ್ಪನ ತೇಪೆಗಳೆಲ್ಲ ಒಂದರ ಹಿಂದೊಂದು ನೀಲಿಯಾದವು. ಚಿಕ್ಕಪ್ಪ ಅದನ್ನು ನೋಡುತ್ತಿದ್ದ. ಅವನ ಮುಖ ನೋಡಿದ ಯಾರಿಗಾದರೂ ಗೊತ್ತಾಗುತ್ತಿತ್ತು, ಅವನು ಇದನ್ನು ಈಗಲೇ ಮೊದಲ ಸಲ ನೋಡುತ್ತಿರುವುದು ಎಂದು. ಆದರೆ ಎಲ್ಲರೂ ಪರದೆ ನೋಡುತ್ತಿದ್ದರು. ಅವನ ಮುಖ ನೋಡಿದವಳು ನಾನೊಬ್ಬಳೇ.

ಮೇಡಂ ಸಿಟ್ಟಿನಲ್ಲಿರಲಿಲ್ಲ. ಮೃದುವಾಗಿಯೇ ಹೇಳಿದರು, "ತಿಳೀದೇ ಆಗಿದ್ರೆ ಪರವಾಗಿಲ್ಲ ಮೇಷ್ಟ್ರೇ. ಯಾರಿಗಾದ್ರೂ ಆಗುತ್ತೆ. ಕಮಿಟಿಯವರು ಕೇಳ್ತಾರೆ, ಅದಕ್ಕೆ ನಿಮ್ಮ ಬಾಯಿಂದ ಒಂದು ಮಾತು ಬೇಕು."

"ಗೊತ್ತಿರಲಿಲ್ಲ ಅಂದುಬಿಡಿ, ಮುಗೀತು," ಎಂದರು ಯಜಮಾನರು. "ಇವತ್ತೇ ಆ ಬಾಡಿಗೆಯದನ್ನೂ ತರಿಸೋಣ."

ಒಂದು ಮಾತು. ಎರಡು ಪದ. ನನ್ನ ನಾಲಿಗೆಯ ತುದಿಯಲ್ಲೇ ಇತ್ತು. ಅವನ ಪರವಾಗಿ ನಾನೇ ಹೇಳಿಬಿಡಲೇ ಎಂದುಕೊಳ್ಳುವಷ್ಟರಲ್ಲಿ ರಿಪೇರಿಯವನು ಬಾಯಿ ಹಾಕಿದ. ಅವನಿಗೆ ತನ್ನ ತಲೆ ತಪ್ಪಿಸಿಕೊಳ್ಳಬೇಕಿತ್ತು.

"ನಾನು ಆವತ್ತೇ ಹೇಳಿದ್ದೆ ಸಾರ್, ಕೆಳಗಿರೋದು ಹೋಗಲ್ಲ ಅಂತ. ಪಾಪ, ವಯಸ್ಸಾದೋರು, ಅವರಿಗೆ ಅರ್ಥ ಆಗಲಿಲ್ಲ." ಎಂದು ನಮ್ಮೆಲ್ಲರ ಕಡೆ ತಿರುಗಿ ನಕ್ಕ. "ತೇಪೆ ಹಾಕ್ತಾ ಹಾಕ್ತಾನೇ ಕೂದಲು ಬೆಳ್ಳಗಾಯ್ತು, ಇಷ್ಟು ಗೊತ್ತಾಗಲಿಲ್ಲ ನೋಡಿ."

ರಟ್ಟು ಹಾಕುವ ಹೆಂಗಸರು ಕಿಸಕ್ಕನೆ ನಕ್ಕರು. ಯಜಮಾನರೂ ನಕ್ಕರು, ಅದರಲ್ಲಿ ವಿಷವಿರಲಿಲ್ಲ. ಚಿಕ್ಕಪ್ಪನ ಕುತ್ತಿಗೆ ಕೆಂಪಾಯಿತು.

"ಅರ್ಥ ಆಗದೆ ಏನು?" ಎಂದ ಚಿಕ್ಕಪ್ಪ. "ನನಗೆ ಗೊತ್ತಿತ್ತು. ಗೊತ್ತಿದ್ದೇ ಬಿಟ್ಟೆ."

ನಗು ನಿಂತಿತು. ಜೆರಾಕ್ಸ್ ಮೆಷಿನ್ ಮಾತ್ರ ಹಾಳೆಗಳನ್ನು ಒಂದೊಂದಾಗಿ ಹೊರಗೆ ಹಾಕುತ್ತಿತ್ತು.

"ಬೇಕಂತ ಬಿಟ್ರಾ?" ಮೇಡಂ ಕೇಳಿದರು.

"ಹೂಂ. ಬೇಕಂತಲೇ."

"ಯಾರಿಗೋಸ್ಕರ?"

ಆಗ ಅವನಿಗೆ ಗೊತ್ತಾಯಿತು. ಅಲ್ಲಿಯವರೆಗೆ ಅವನು ಬಾಯಿ ಬಿಟ್ಟದ್ದು ತನ್ನ ಮಾನದ ಲೆಕ್ಕದಲ್ಲಿ. ಮಗಳು ಅವನ ಲೆಕ್ಕಕ್ಕೇ ಬಂದಿರಲಿಲ್ಲ. ಕಣ್ಣು ಒಮ್ಮೆ ಮೆಷಿನ್ನಿನ ಕಡೆಗೆ ಹೋಯಿತು. ಅವನ ಕಣ್ಣಿನ ಜೊತೆಗೆ ಮೇಡಂ ಅವರ ಕಣ್ಣೂ ಹೋಯಿತು.

"ಮೇಡಂ, ಸುಳ್ಳು," ಎಂದೆ ನಾನು. "ಚಿಕ್ಕಪ್ಪನಿಗೆ ಗೊತ್ತಿರಲಿಲ್ಲ. ನಾನು ಪಕ್ಕದಲ್ಲೇ ಇದ್ದೆ. ಅವನು ಪುಟ ತಲೆಕೆಳಗಿಟ್ಟು ಮಾಡಿದ್ದು, ಒಂದುತ್ತರಾನೂ ಓದಿಲ್ಲ. ಅವಳದು ಎರಡು ತಪ್ಪಾಗಿದೆಯಲ್ಲ, ನೋಡಿದ್ರೆ ತಪ್ಪಾಗ್ತಿತ್ತಾ?"

"ಎಲ್ಲಾ ಸರಿ ಬರೆದೋರು ಸಿಕ್ಕಿಬಿದ್ರಲ್ಲಮ್ಮ," ಎಂದರು ಮೇಡಂ. "ಎರಡು ತಪ್ಪು ಬರೆಯೋದಕ್ಕೆ ಬುದ್ಧಿ ಬೇಕು." ಅವರ ದನಿಯಲ್ಲಿ ಈಗ ಮೃದುತನ ಇರಲಿಲ್ಲ. ಅವರನ್ನು ನಾನು ಬೈಯಲಾರೆ. ಅವರ ಜಾಗದಲ್ಲಿ ನಾನಿದ್ದರೂ ಹಾಗೇ ಅಂದುಕೊಳ್ಳುತ್ತಿದ್ದೆ. ಹೆತ್ತ ಅಪ್ಪನೇ ಎಲ್ಲರೆದುರು ಒಪ್ಪಿಕೊಂಡಾಗ ಅಣ್ಣನ ಮಗಳ ಮಾತಿಗೆ ಏನು ಬೆಲೆ?

"ಚಿಕ್ಕಪ್ಪಾ, ಹೇಳು," ಎಂದೆ. ಭುಜ ಹಿಡಿದು ಅಲುಗಾಡಿಸಿದೆ. "ಗೊತ್ತಿರಲಿಲ್ಲ ಅಂತ ಹೇಳು."

ಎದುರಿಗೆ ಆ ಮೀಸೆಯವನು ಇನ್ನೂ ಅರ್ಧ ನಗುವಿನಲ್ಲೇ ನಿಂತಿದ್ದ. ಚಿಕ್ಕಪ್ಪ ಅವನನ್ನೇ ನೋಡುತ್ತಾ ತುಟಿ ಬಿಗಿದು ಕೂತ. ಕಳ್ಳ ಅನ್ನಿಸಿಕೊಳ್ಳುವುದಕ್ಕೆ ಅವನು ತಯಾರಿದ್ದ, ಕೆಲಸ ಬಾರದವನು ಅನ್ನಿಸಿಕೊಳ್ಳುವುದಕ್ಕೆ ತಯಾರಿರಲಿಲ್ಲ. ಅಂಥ ಗಂಡಸರನ್ನು ಜನ ಸ್ವಾಭಿಮಾನಿ ಎಂದು ಹೊಗಳುತ್ತಾರೆ. ನನಗೆ ಆ ಕ್ಷಣ ಅವನ ಕಪಾಳಕ್ಕೆ ಹೊಡೆಯಬೇಕು ಅನ್ನಿಸಿತು. ಈಗಲೂ ಅನ್ನಿಸುತ್ತದೆ.

ತಂಗಿ ಬಿಸಿಬಿಸಿ ಹಾಳೆಗಳನ್ನು ಒಟ್ಟು ಮಾಡಿ, ಅಂಚು ತಟ್ಟಿ ಸರಿ ಮಾಡಿ, ಚೀಲಕ್ಕೆ ಹಾಕಿಕೊಂಡು ಹೊರಟುಹೋದಳು.

ಮುಂದಿನದೆಲ್ಲ ಬೇಗ ಬೇಗ ಆಯಿತು. ಸೀಟು ಪಟ್ಟಿಯಲ್ಲಿ ಮುಂದೆ ಕಾದಿದ್ದವನಿಗೆ ಹೋಯಿತು. "ಕೈ ತಪ್ಪಿ ಕೆಡಿಸಿದವರನ್ನ ಇಟ್ಕೋಬಹುದು ಮೇಷ್ಟ್ರೇ, ಕೈ ಕೊಟ್ಟವರನ್ನ ಹೇಗೆ ಇಟ್ಕೊಳ್ಳಲಿ?" ಎಂದು ಯಜಮಾನರು ಕೆಲಸದಿಂದ ಬಿಡಿಸಿದರು. ತಂಗಿ ಈಗ ಒಂದು ಬಟ್ಟೆ ಅಂಗಡಿಯಲ್ಲಿ ನಿಂತು ಅಳತೆ ಹಿಡಿಯುತ್ತಾಳೆ. ಚಿಕ್ಕಪ್ಪ ಮನೆಯಲ್ಲೇ ಹರಿದ ಪುಸ್ತಕಗಳಿಗೆ ರಟ್ಟು ಹಾಕುತ್ತಾನೆ. ಅಚ್ಚುಕಟ್ಟಾಗಿಯೇ ಹಾಕುತ್ತಾನೆ, ತಂದುಕೊಟ್ಟವರು ಮೆಚ್ಚಿಕೊಂಡೇ ಹೋಗುತ್ತಾರೆ. ನಾನು ಅದೇ ಮುದ್ರಣಾಲಯದಲ್ಲಿದ್ದೇನೆ. ಅವನು ಆರಿಸಿದ ಸಾಫ್ಟ್‌ವೇರನ್ನು ತೆಗೆಸಿ ಬಾಡಿಗೆಯದನ್ನು ಹಾಕಿಸಿದ್ದಾರೆ. ಟ್ಯುಟೋರಿಯಲ್‌ಗೆ ನಾನು ಮತ್ತೆರಡು ಸಲ ಹೋಗಿ ಬಂದೆ. ಮೇಷ್ಟ್ರನ್ನೇ ಕರೆದುಕೊಂಡು ಬನ್ನಿ, ಅವರೇ ಹೇಳಲಿ ಎಂದರು. ಅವನು ಬರಲಿಲ್ಲ. "ಈಗ ಹೋಗಿ ಹೇಳಿದ್ರೆ ಯಾರು ನಂಬ್ತಾರೆ?" ಎಂದು ಅಂಟಿನ ಡಬ್ಬಿಯ ಮುಚ್ಚಳ ಬಿಗಿ ಮಾಡುತ್ತಾ ಕೂತ. ಯಾರೂ ನಂಬದೆಯೂ ಇರಬಹುದಿತ್ತು, ಒಪ್ಪುತ್ತೇನೆ. ಆದರೆ ಹೋಗಿ ಹೇಳಬಹುದಿತ್ತು.

ಮೇಡಂ ವಿಚಾರಿಸಲು ಬಂದ ಆ ದಿನ ಸಂಜೆಯ ಮಾತೊಂದು ಉಳಿದಿದೆ. ಕೆಲಸ ಮುಗಿಸಿ ನಾನು ನೇರ ಅವರ ಮನೆಗೆ ಹೋದೆ. ಚಿಕ್ಕಮ್ಮ ಅತ್ತು ಅತ್ತು ಮುಖ ಊದಿಸಿಕೊಂಡಿದ್ದಳು. ಚಿಕ್ಕಪ್ಪ ಗೋಡೆಗೆ ಒರಗಿ ಕೂತಿದ್ದ, ಶರ್ಟು ಕೂಡ ಬದಲಾಯಿಸಿರಲಿಲ್ಲ. ತಂಗಿ ಕಿಟಕಿಯ ಹತ್ತಿರವಿದ್ದ ಪುಸ್ತಕಗಳನ್ನು, ಯಾರ್ಯಾರದು ಎಂದು ನೋಡಿ, ವಾಪಸು ಕೊಡಲು ಬೇರೆ ಬೇರೆ ಕಟ್ಟು ಕಟ್ಟುತ್ತಿದ್ದಳು.

"ಹೊರಗಿನವರ ಮುಂದೆ ಏನೋ ಅಂದೆ, ಬಿಡು," ಎಂದೆ ನಾನು ಚಿಕ್ಕಪ್ಪನಿಗೆ. "ಇಲ್ಲಿ ಆ ಮೀಸೆಯವನು ಇಲ್ಲ, ನಗೋರು ಯಾರೂ ಇಲ್ಲ. ಇವಳಿಗಾದ್ರೂ ನಿಜ ಹೇಳು."

ಅವನು ಅವಳು ಕಟ್ಟುತ್ತಿದ್ದ ಕಟ್ಟುಗಳನ್ನು ನೋಡಿದ. ತುಟಿ ಅಲುಗಿತು. ಬಂತು, ಇನ್ನೇನು ಬಂತು ಎಂದುಕೊಂಡೆ.

"ನಿಜಾನೇ ಹೇಳಿದ್ದು," ಎಂದ. "ನನಗೆ ಗೊತ್ತಿತ್ತು. ಇವಳಿಗೆ ಸಿಗಲಿ ಅಂತಲೇ ಬಿಟ್ಟೆ."

ತಂಗಿ ಕಟ್ಟುತ್ತಿದ್ದ ದಾರ ಬಿಟ್ಟು ಅವನ ಕಡೆ ತಿರುಗಿದಳು. ಅವಳ ಕಣ್ಣಲ್ಲಿ ನೀರಿರಲಿಲ್ಲ. ಪರೀಕ್ಷೆಯಲ್ಲಿ ಪ್ರಶ್ನೆ ಓದುವಾಗ ಹುಬ್ಬು ಕೂಡಿಸುತ್ತಿದ್ದಳಲ್ಲ, ಹಾಗೆ ಅಪ್ಪನ ಮುಖವನ್ನು ನೋಡಿದಳು.

"ನನಗೋಸ್ಕರ ಬಿಟ್ಟಿದ್ರೆ," ಎಂದಳು, "ನನಗ್ಯಾಕೆ ಹೇಳಲಿಲ್ಲ ಅಪ್ಪಾ?"

ಚಿಕ್ಕಪ್ಪ ಬಾಯಿ ತೆರೆದ. ಅವಳು ಸ್ವಲ್ಪ ಹೊತ್ತು ಕಾದಳು, ಆಮೇಲೆ ತಿರುಗಿ ಮತ್ತೆ ಪುಸ್ತಕಗಳಿಗೆ ದಾರ ಬಿಗಿಯತೊಡಗಿದಳು.